1984ರಲ್ಲಿ ಕಪಿಲ್ ದೇವ್ ಅವರನ್ನು ಭಾರತ ತಂಡದಿಂದ ಕೈಬಿಟ್ಟವರು ಯಾರು?

‘ಕಪಿಲ್ ಅವರನ್ನು ಗಾವಸ್ಕರ್ ತೆಗೆದರು’ ಎಂದು ಸ್ಮರಣ ಸಂಚಿಕೆಯಲ್ಲಿ ಬರೆಯಬಹುದೇ ಎಂದು ಕೇಳಿದ್ದೀರಿ. ನೀವು ಓದಿದ ಬರಹಗಳು ಒಂದಕ್ಕೊಂದು ತಾಳೆಯಾಗದಿರಲು ಬಹುಶಃ ಕಾರಣವಿಷ್ಟೇ: ನಾಯಕ ಗಾವಸ್ಕರ್ ಅವರ ಅಸಮಾಧಾನವನ್ನೂ ಆಯ್ಕೆ ಸಮಿತಿಯ ತೀರ್ಮಾನವನ್ನೂ ಹಲವರು ಒಂದೇ ಮಾಡಿಬಿಟ್ಟಿದ್ದಾರೆ. ಇದೇ ವಿಷಯದ ಬಗ್ಗೆ ಬರೆಯುವಾಗ ನನಗೂ ಈ ತೊಡಕು ಎದುರಾಗಿತ್ತು.

ಮೊದಲು ಇಂಗ್ಲೆಂಡ್ ವಿರುದ್ಧದ ದೆಹಲಿ ಟೆಸ್ಟ್‌ನ ಕೊನೆಯ ದಿನವನ್ನು ನೋಡಿ. ಪಂದ್ಯ ಉಳಿಸಿಕೊಳ್ಳಬೇಕಿದ್ದಾಗ ಕಪಿಲ್, ಇಂಗ್ಲೆಂಡಿನ ಸ್ಪಿನ್ನರ್ ಪೋಕಾಕ್ ಅವರಿಗೆ ಸಿಕ್ಸರ್ ಬಾರಿಸಿ, ಬೆನ್ನಲ್ಲೇ ಮತ್ತೊಂದು ದೊಡ್ಡ ಹೊಡೆತಕ್ಕೆ ಕ್ಯಾಚಿತ್ತರು. ಭಾರತ ಸೋತಿತು. ಕಲ್ಕತ್ತಾ ಟೆಸ್ಟ್‌ಗೆ ಕಪಿಲ್ ಜೊತೆ ಬ್ಯಾಟರ್ ಸಂದೀಪ್ ಪಾಟೀಲ್ ಅವರನ್ನೂ ಕೈಬಿಡಲಾಯಿತು. ಈ ಎರಡನೆಯ ಹೆಸರನ್ನು ಬಿಡಲೇಬೇಡಿ. ಅದನ್ನು ಮರೆತಾಗಲೇ ಇದು ಇಬ್ಬರು ದಿಗ್ಗಜರ ಜಗಳವಾಗಿ ಮಾತ್ರ ಕಾಣುತ್ತದೆ.

ಆಮೇಲೆ ಗಾವಸ್ಕರ್ ಅವರ ವಿವರಣೆ. ತೀರ್ಮಾನ ಆಯ್ಕೆಗಾರರದು, ತಮ್ಮದಲ್ಲ ಎಂದು ಅವರು ಹೇಳುತ್ತಲೇ ಬಂದಿದ್ದಾರೆ. ಅದನ್ನು ಅವರ ಮಾತಾಗಿಯೇ ಬರೆಯಿರಿ. ಸಭೆಯಲ್ಲಿ ಯಾರು ಎಷ್ಟು ಒತ್ತಾಯಿಸಿದರು ಎಂಬುದನ್ನು ಹೊರಗಿನವರು ಖಚಿತವಾಗಿ ಹೇಳಲಾಗದು.

ಕೊನೆಗೆ ಪರಿಣಾಮ: ಕಲ್ಕತ್ತಾದ ಈಡನ್ ಗಾರ್ಡನ್ಸ್‌ನಲ್ಲಿ ಜನ ಗಾವಸ್ಕರ್ ವಿರುದ್ಧ ರೊಚ್ಚಿಗೆದ್ದರು; ಅದೇ ಪಂದ್ಯದಲ್ಲಿ ಅಜರುದ್ದೀನ್ ಪದಾರ್ಪಣೆಯಲ್ಲೇ 110 ರನ್ ಹೊಡೆದರು. 131 ಟೆಸ್ಟ್ ಆಡಿದ ಕಪಿಲ್ ಅವರಿಗೆ ವೃತ್ತಿಜೀವನದಲ್ಲಿ ಕೈತಪ್ಪಿದ್ದು ಈ ಒಂದೇ ಟೆಸ್ಟ್. ಅಂಥ ಆಟಗಾರನನ್ನು ಒಂದು ಹೊಡೆತಕ್ಕಾಗಿ ಹೊರಗಿಟ್ಟದ್ದು ಅನ್ಯಾಯವೆಂದೇ ನನ್ನ ಅಭಿಪ್ರಾಯ.

ನಿಮ್ಮ ವಾಕ್ಯವನ್ನು ‘ಗಾವಸ್ಕರ್ ನಾಯಕರಾಗಿದ್ದಾಗ ಆಯ್ಕೆಗಾರರು ಕಪಿಲ್ ಅವರನ್ನು ಕೈಬಿಟ್ಟರು’ ಎಂದು ತಿದ್ದಿಕೊಳ್ಳಿ.