ಕಾರವಾರದ ಯುದ್ಧನೌಕೆಯ ಮಾದರಿ ಮಾಡಿ ರಿಮೋಟ್‌ನಲ್ಲಿ ಓಡಿಸಬೇಕು, ಯಾವ ಮೋಟಾರ್ ಕೊಳ್ಳಲಿ?

ಹತ್ತು ವರ್ಷದ ಮಗಳ ಜತೆ ಕಾರವಾರದ ಟ್ಯಾಗೋರ್ ಕಡಲತೀರದಲ್ಲಿ ಐಎನ್‌ಎಸ್ ಚಪಲ್ ನೋಡಿ ಬಂದಿದ್ದೀರಿ. ಅದರ ಮಾದರಿಯನ್ನು ಕೆರೆಯಲ್ಲಿ ಗಂಟೆಗೆ 40 ಕಿಲೋಮೀಟರ್ ವೇಗದಲ್ಲಿ ಓಡಿಸಲು ಯಾವ ಮೋಟಾರ್ ಬೇಕು ಎಂದು ಕೇಳಿದ್ದೀರಿ. ನಾನೂ ಅದೇ ಹಡಗಿನ ಎದುರು ನಿಂತು ಅದೇ ಆಸೆ ಹೊತ್ತು ಮನೆಗೆ ಬಂದವನು. ನನ್ನ ಜತೆಗಿದ್ದವನು ಅಕ್ಕನ ಮಗ, ಹೆಚ್ಚುಕಡಿಮೆ ನಿಮ್ಮ ಮಗಳ ವಯಸ್ಸಿನವನು. ನಾನೂ ಮೊದಲು ಕೊಂಡದ್ದು ಮೋಟಾರ್‌ಗಳನ್ನೇ. ಮೂಲ ಹಡಗಿಗೆ ಮೂರು ಎಂಜಿನ್, ಮೂರು ಪ್ರೊಪೆಲ್ಲರ್ ಎಂದು ತಿಳಿದ ಕೂಡಲೇ ಬೆಂಗಳೂರಿನ ಎಸ್.ಪಿ. ರಸ್ತೆಗೆ ಹೋಗಿ ಮೂರು ಮೋಟಾರ್ ತಂದೆ. ಹಡಗಿನ ಒಡಲು ಇನ್ನೂ ಕಾಗದದ ಮೇಲೂ ಮೂಡಿರಲಿಲ್ಲ.

50ರಲ್ಲಿ ಒಂದು ಪಾಲಿನ ಅಳತೆ ಹಿಡಿದೆವು. ಚಪಲ್‌ನ ಉದ್ದ ಸುಮಾರು 38.6 ಮೀಟರ್, ಅಗಲ 7.6 ಮೀಟರ್. ಮಾದರಿ 77 ಸೆಂಟಿಮೀಟರ್ ಉದ್ದ, 15 ಸೆಂಟಿಮೀಟರ್ ಅಗಲ ಬಂತು. ತೂಕದ ಲೆಕ್ಕ ಬೇರೆ: ಅದನ್ನು 50ರಿಂದಲ್ಲ, 50ರ ಘನವಾದ 1,25,000ದಿಂದ ಭಾಗಿಸಬೇಕು. ಪೂರ್ಣ ಭಾರದ ಹಡಗು ಸುಮಾರು 240 ಟನ್ ಎಂದರೆ ಮಾದರಿ ಎರಡು ಕಿಲೋಗೆ ತುಸು ಕಡಿಮೆ ಇರಬೇಕು. ಒಡಲು, ಮೋಟಾರ್, ಬ್ಯಾಟರಿ, ಬಣ್ಣ ಎಲ್ಲವೂ ಅಷ್ಟರೊಳಗೆ. ಪ್ಲೈವುಡ್ ಪಕ್ಕೆಲುಬುಗಳನ್ನು ಕತ್ತರಿಸಿ, ತೆಳು ಮರದ ಪಟ್ಟಿ ಹೊದಿಸಿ, ಹೊರಗೆ ಗಾಜಿನ ಎಳೆಯ ಬಟ್ಟೆ ಹೊದಿಸಿ ಎಪಾಕ್ಸಿ ಅಂಟು ಬಳಿದೆವು. ಕ್ಷಿಪಣಿಯ ನಾಲ್ಕು ಕೊಳವೆಗಳನ್ನು ಹುಡುಗ ಡ್ರಾಯಿಂಗ್ ಹಾಳೆ ಸುತ್ತಿ ತಾನೇ ಮಾಡಿದ. ಅದು ಒಳ್ಳೆಯ ಕೆಲಸವಾಯಿತು. ಪಿವಿಸಿ ಪೈಪ್ ಹಾಕಿದ್ದರೆ ಡೆಕ್‌ನ ಮೇಲಿನ ಭಾರಕ್ಕೆ ಹಡಗು ವಾಲುತ್ತಿತ್ತು.

ನೀವೂ ಫೋಟೋ ಹುಡುಕುವಿರಿ, ಹಾಗಾಗಿ ಒಂದು ಮಾತು. ಚಪಲ್ 1971ರ ಕರಾಚಿ ದಾಳಿಯಲ್ಲಿತ್ತು ಎಂದು ಅಲ್ಲಲ್ಲಿ ಓದುತ್ತೀರಿ, ನಂಬಬೇಡಿ. ಡಿಸೆಂಬರ್ 4ರ ರಾತ್ರಿ ಕರಾಚಿಗೆ ನುಗ್ಗಿದ ಕ್ಷಿಪಣಿ ದೋಣಿಗಳು ನಿಪಾತ್, ನಿರ್ಘಾತ್ ಮತ್ತು ವೀರ್. ಚಪಲ್ ನೌಕಾಪಡೆಗೆ ಸೇರಿದ್ದು 1976ರಲ್ಲಿ. ಮಾದರಿ ಮಾಡುವವರಿಗೆ ಈ ವ್ಯತ್ಯಾಸ ಮುಖ್ಯ. ಹಳೆಯ ದೋಣಿಗಳಲ್ಲಿ ಕ್ಷಿಪಣಿಯ ಗೂಡು ಪೆಟ್ಟಿಗೆಯ ಆಕಾರದ್ದು, ಚಪಲ್‌ನಲ್ಲಿ ದುಂಡನೆಯದು. 1971ರ ಚಿತ್ರ ನೋಡಿ ಮಾಡಿದರೆ ಬೇರೆಯದೇ ಹಡಗಾಗುತ್ತದೆ.

ಇನ್ನು ನನಗೆ ಆ ಹಡಗನ್ನೇ ಕಳೆದ ತಪ್ಪು. ಇದನ್ನು ಬಿಡಿಸಿ ಹೇಳುತ್ತೇನೆ, ಏಕೆಂದರೆ ಮೋಟಾರ್‌ನಿಂದ ಶುರುಮಾಡುವವರೆಲ್ಲ ಬಹುತೇಕ ಇಲ್ಲಿಗೇ ಬಂದು ನಿಲ್ಲುತ್ತಾರೆ.

ಮೋಟಾರ್ ಒಡಲಿನ ಒಳಗಿರುತ್ತದೆ, ಪ್ರೊಪೆಲ್ಲರ್ ಹೊರಗೆ ನೀರಿನಲ್ಲಿರುತ್ತದೆ. ಎರಡನ್ನೂ ಜೋಡಿಸುವ ಸರಳು ಒಂದು ಹಿತ್ತಾಳೆ ಕೊಳವೆಯೊಳಗೆ ತಿರುಗುತ್ತದೆ. ಈ ಕೊಳವೆಗೆ ಸ್ಟರ್ನ್ ಟ್ಯೂಬ್ ಎನ್ನುತ್ತಾರೆ. ನೀರು ತಡೆಯಲು ಅದರೊಳಗೆ ಗ್ರೀಸ್ ತುಂಬಿರುತ್ತಾರೆ. ಅದರ ಹೊರಬಾಯಿ ನೀರಿನಲ್ಲಿದೆ, ಒಳಬಾಯಿ ಹಡಗಿನೊಳಗಿದೆ. ಭಾರ ಕೆಳಗಿದ್ದರೆ ಹಡಗು ಸ್ಥಿರವಾಗಿರುತ್ತದೆ ಎಂದು ನಾನು ಮೋಟಾರ್‌ಗಳನ್ನು ಒಡಲಿನ ತಳಕ್ಕೇ ಅಂಟಿಸಿದೆ. ಸರಳು ನೀರಿಗೆ ಸಮತಲವಾಗಿದ್ದಷ್ಟೂ ನೂಕುಬಲ ಹೆಚ್ಚು ಎಂದು ಕೊಳವೆಗಳನ್ನು ಹೆಚ್ಚುಕಡಿಮೆ ಸಮತಟ್ಟಾಗಿ ಕೂರಿಸಿದೆ. ಎರಡೂ ಸರಿಯಾದ ಆಲೋಚನೆಗಳೇ. ಆದರೆ ಎರಡೂ ಸೇರಿ ಕೊಳವೆಗಳ ಒಳಬಾಯಿಯನ್ನು ಹೊರಗಿನ ನೀರಿನ ಮಟ್ಟಕ್ಕಿಂತ ಕೆಳಕ್ಕೆ ಇಳಿಸಿದವು, ಅದೂ ಮೂರು ಕಡೆ.

ಒಳಬಾಯಿ ನೀರಿನ ಮಟ್ಟಕ್ಕಿಂತ ಮೇಲಿದ್ದರೆ ಕೊಳವೆಗೆ ಹೊಕ್ಕ ನೀರು ಹೊರಗಿನ ಮಟ್ಟದವರೆಗೆ ಏರಿ ಅಲ್ಲೇ ನಿಲ್ಲುತ್ತದೆ. ಗ್ರೀಸ್ ಒಂದು ಹನಿ ಇಲ್ಲದಿದ್ದರೂ ನಿಂತ ಹಡಗಿಗೆ ಅಲ್ಲಿಂದ ನೀರು ಬಾರದು. ಕೆಳಗಿದ್ದರೆ ಕೆರೆಗೂ ನಿಮ್ಮ ಹಡಗಿಗೂ ನಡುವೆ ಇರುವುದು ಆ ಗ್ರೀಸ್ ಒಂದೇ. ಮನೆಯ ನೀರಿನ ತೊಟ್ಟಿಯಲ್ಲಿ ಹಡಗನ್ನು ಇಡೀ ಸಂಜೆ ತೇಲಿಸಿಟ್ಟಿದ್ದೆ, ಒಳಗೆ ಹನಿ ನೀರು ಬರಲಿಲ್ಲ. ಆದರೆ ಆಗ ಮೋಟಾರ್ ನಿಂತಿತ್ತು. ನಿಂತ ಸರಳಿನ ಸುತ್ತ ಗ್ರೀಸ್ ಗಟ್ಟಿಯಾಗಿ ಕೂತಿರುತ್ತದೆ. ಸರಳು ತಿರುಗಿ ಬಿಸಿಯಾದರೆ ಅದು ತೆಳುವಾಗಿ ಎರಡೂ ತುದಿಯಿಂದ ಜಾರುತ್ತದೆ. ವೇಗ ಹೆಚ್ಚಿದಾಗ ಹಡಗಿನ ಹಿಂಬದಿ ತಗ್ಗುವುದರಿಂದ ಒಳಬಾಯಿ ಇನ್ನಷ್ಟು ಕೆಳಗಿಳಿಯುತ್ತದೆ. ತೊಟ್ಟಿಯಲ್ಲಿ ನಾನು ಪರೀಕ್ಷಿಸಿದ್ದು ಇದ್ಯಾವುದನ್ನೂ ಅಲ್ಲ.

ಊರಾಚೆಯ ಕೆರೆ ಮಳೆಗಾಲ ಮುಗಿದು ತುಂಬಿ ನಿಂತಿತ್ತು. ಹಡಗು ಚೆಲುವಾಗಿ ಹೊರಟಿತು. ಏರಿಯ ಮೇಲಿದ್ದ ಹುಡುಗ ಅದರ ಜತೆಗೇ ಓಡಿದ. ಸ್ವಲ್ಪ ಹೊತ್ತಿಗೆ ಅದು ಮೂತಿ ಎತ್ತಿಕೊಂಡು ಓಡತೊಡಗಿತು. ಅದನ್ನು ನಾನು ವೇಗದ ಗುರುತೆಂದುಕೊಂಡೆ, ನಿಜವಾಗಿ ಹಿಂಬದಿ ನೀರು ಕುಡಿದಿತ್ತು. ಎರಡು ಕಿಲೋ ಹಡಗಿಗೆ 200 ಮಿಲಿಲೀಟರ್ ನೀರೆಂದರೆ ಅದರ ತೂಕದ ಹತ್ತರಲ್ಲೊಂದು ಪಾಲು. ಆ ನೀರು ಒಡಲಿಡೀ ಸಮನಾಗಿ ಹರಡಿದ್ದರೆ ಹಡಗು ಎರಡು ಮೂರು ಮಿಲಿಮೀಟರ್ ಮುಳುಗುತ್ತಿತ್ತು, ಅಷ್ಟೇ. ಆದರೆ ನೀರು ತಗ್ಗಿದ ಕಡೆಗೇ ಹರಿಯುತ್ತದೆ. ಹಿಂಬದಿ ತಗ್ಗಿದಷ್ಟೂ ಒಳಬಾಯಿ ಕೆಳಗಿಳಿದು, ಬರುವ ನೀರು ಇನ್ನಷ್ಟು ಹೆಚ್ಚುತ್ತದೆ. ದಡಕ್ಕೆ ತರಲು ಚುಕ್ಕಾಣಿ ತಿರುಗಿಸಿದೆ. ಹಡಗು ವಾಲಿತು, ಒಳಗಿನ ನೀರೆಲ್ಲ ಆ ಪಕ್ಕಕ್ಕೆ ಓಡಿತು, ಹಡಗು ಮತ್ತೆ ಮೇಲೇಳಲಿಲ್ಲ.

ಬಾವಿಗೆ ಬಿದ್ದ ಕೊಡ ತೆಗೆಯುವ ಪಾತಾಳಗರಡಿಯನ್ನು ಪಕ್ಕದ ಮನೆಯಿಂದ ತಂದು, ಮೀನು ಹಿಡಿಯುವವರ ಹರಿಗೋಲಿನಲ್ಲಿ ಕೂತು ಕೆರೆಯ ತಳ ಜಾಲಾಡಿದೆವು. ಬಹಳ ಹೊತ್ತು ಜೊಂಡು, ಹೂಳು ಮಾತ್ರ ಬಂತು. ಕೊನೆಗೆ ಕೊಕ್ಕೆ ಹಡಗಿಗೇ ಸಿಕ್ಕಿತು, ಆದರೆ ಡೆಕ್ ಕಿತ್ತು ಬಂತು. ರಿಮೋಟ್‌ನ ಸಂಕೇತ ಹಿಡಿಯುವ ರಿಸೀವರ್, ವೇಗ ನಿಯಂತ್ರಕ, ಚುಕ್ಕಾಣಿ ತಿರುಗಿಸುವ ಸರ್ವೋ ಮೋಟಾರ್, ಎಲ್ಲ ಸತ್ತಿದ್ದವು. ಹುಡುಗ ಮನೆಯವರೆಗೂ ಮಾತಾಡಲಿಲ್ಲ.

ಕಾರಣ ಕಂಡುಹಿಡಿದವರು ನಮ್ಮೂರಿನಲ್ಲಿ ಎನ್‌ಸಿಸಿ ನೌಕಾ ವಿಭಾಗದ ಕೆಡೆಟ್‌ಗಳಿಗೆ ಹಡಗಿನ ಮಾದರಿ ಕಲಿಸುತ್ತಿದ್ದ ಹಿರಿಯ ಮೇಷ್ಟ್ರು. ಅಖಿಲ ಭಾರತ ನೌಸೈನಿಕ ಶಿಬಿರದಲ್ಲಿ ಹಡಗಿನ ಮಾದರಿ ತಯಾರಿಕೆಯೂ ಒಂದು ಸ್ಪರ್ಧೆ, ಅದಕ್ಕೆ ಹುಡುಗರನ್ನು ತಯಾರು ಮಾಡಿದವರು ಅವರು. ಒಡಲನ್ನು ನೋಡಿ ಅವರು ಕೇಳಿದ್ದು ಒಂದೇ ಪ್ರಶ್ನೆ: "ನೀರಿನ ಗೆರೆ ಎಲ್ಲಿ ಎಳೆದಿದ್ದೀಯಪ್ಪಾ?" ಹಡಗು ತೇಲುವಾಗ ನೀರು ಒಡಲಿನ ಎಲ್ಲಿಯವರೆಗೆ ಬರುತ್ತದೆ ಎಂದು ತೋರಿಸುವ ಗೆರೆ ಅದು. ನಾನು ಎಳೆದೇ ಇರಲಿಲ್ಲ. ಅವರು ಪೆನ್ಸಿಲ್‌ನಿಂದ ಒಳಗೂ ಹೊರಗೂ ಗೆರೆ ಎಳೆದರು. ಮೂರೂ ಕೊಳವೆಗಳ ಬಾಯಿ ಗೆರೆಯ ಕೆಳಗಿತ್ತು.

ಆದ್ದರಿಂದ ಮೋಟಾರ್‌ನ ಮಾತು ಬದಿಗಿಡಿ. ಒಡಲು ಸಿದ್ಧವಾದ ಮೇಲೆ ಪೂರ್ತಿ ತೂಕ ತುಂಬಿ ನೀರಿಗಿಟ್ಟು ಗೆರೆ ಗುರುತಿಸಿ. ಕೊಳವೆಯನ್ನು ಓರೆಯಾಗಿಸಿ, ಒಳಬಾಯಿಯನ್ನು ಗೆರೆಗಿಂತ ಕನಿಷ್ಠ ಒಂದು ಬೆರಳಿನಷ್ಟು ಮೇಲೆ ತನ್ನಿ. ಮೋಟಾರ್‌ಗೂ ಸರಳಿಗೂ ನಡುವೆ ಯೂನಿವರ್ಸಲ್ ಜಾಯಿಂಟ್ ಹಾಕಿದರೆ ಓರೆ ಇದ್ದರೂ ಸಲೀಸಾಗಿ ತಿರುಗುತ್ತದೆ. ಕೊಳವೆಯ ನಡುವೆ ಸಣ್ಣ ಹಿತ್ತಾಳೆ ನಳಿಕೆಯೊಂದನ್ನು ಮೇಲ್ಮುಖವಾಗಿ ಬೆಸುಗೆ ಹಾಕಿ, ಅದರ ತುದಿಯೂ ಗೆರೆಯ ಮೇಲಿರಲಿ. ಸಿರಿಂಜ್‌ನಿಂದ ಅಲ್ಲಿಗೇ ಗ್ರೀಸ್ ತುಂಬಬಹುದು. ಮೂರು ಪ್ರೊಪೆಲ್ಲರ್‌ಗಳಲ್ಲಿ ನಡುವಿನದು ಮಾತ್ರ ತಿರುಗಲಿ, ಅಕ್ಕಪಕ್ಕದವು ಅಲಂಕಾರಕ್ಕೆ ಸಾಕು. ಒಡಲಿಗೆ ತೂತು ಕಡಿಮೆಯಾದಷ್ಟೂ ಒಳ್ಳೆಯದು. ಆಮೇಲೆ ಹಡಗನ್ನು ತೊಟ್ಟಿಯಲ್ಲಿ ಕೈಯಿಂದ ಹಿಡಿದು, ಒಳಗೆ ಒಣ ದಿನಪತ್ರಿಕೆಯ ಹಾಳೆ ಹಾಸಿ, ಮೋಟಾರ್ ಅನ್ನು ಅರ್ಧ ವೇಗದಲ್ಲಿ ಇಪ್ಪತ್ತು ನಿಮಿಷ ಓಡಿಸಿ. ಹಾಳೆ ಒದ್ದೆಯಾಗದಿದ್ದರೆ ಕೆರೆಗೆ ಹೋಗಿ. ಡೆಕ್‌ನ ಕೆಳಗೆ ಎರಡೂ ತುದಿಗೆ ಥರ್ಮಾಕೋಲ್ ತುಂಡು ತುಂಬಿ. ಒಂದು ಲೀಟರ್‌ನಷ್ಟು ಥರ್ಮಾಕೋಲ್ ಸುಮಾರು ಒಂದು ಕಿಲೋ ಭಾರವನ್ನು ತೇಲಿಸುತ್ತದೆ. ಅದರ ಹತ್ತಿರ ಪಾಲಿಯೆಸ್ಟರ್ ರೆಸಿನ್ ಮಾತ್ರ ತರಬೇಡಿ, ಥರ್ಮಾಕೋಲ್ ಕರಗಿಹೋಗುತ್ತದೆ. ಎಪಾಕ್ಸಿಯಿಂದ ಏನೂ ಆಗುವುದಿಲ್ಲ.

ಈಗ ನಿಮ್ಮ 40 ಕಿಲೋಮೀಟರ್. ಅದು ಬೇಡವೇ ಬೇಡ. ಮಾದರಿಯ ವೇಗವನ್ನು ಅಳತೆಯ ವರ್ಗಮೂಲದಿಂದ ಭಾಗಿಸಿ ಲೆಕ್ಕ ಹಾಕಬೇಕು. 50ರ ವರ್ಗಮೂಲ ಸುಮಾರು 7. ಚಪಲ್ ಗಂಟೆಗೆ 70 ಕಿಲೋಮೀಟರ್ ಆಸುಪಾಸಿನಲ್ಲಿ ಓಡುತ್ತಿದ್ದ ದೋಣಿ, ಹಾಗಾಗಿ ಮಾದರಿಗೆ 10 ಕಿಲೋಮೀಟರ್ ಪೂರ್ಣ ವೇಗ. ನಿಮ್ಮ ಲೆಕ್ಕದಲ್ಲಿ ನಿಜವಾದ ಚಪಲ್ 280 ಕಿಲೋಮೀಟರ್ ವೇಗದಲ್ಲಿ ಓಡಬೇಕಾಗುತ್ತದೆ. ನನ್ನ ಈಗಿನ ಹಡಗು ಹೆಚ್ಚಿನ ಹೊತ್ತು ನಡಿಗೆಯ ವೇಗದಲ್ಲೇ ಹೋಗುತ್ತದೆ. ಆ ವೇಗದಲ್ಲಿ ಅದರ ಮೂತಿಯಿಂದ ಏಳುವ ಅಲೆ ದೊಡ್ಡ ಹಡಗಿನ ಅಲೆಯಂತೆ ಕಾಣುತ್ತದೆ. ಅದನ್ನು ನೋಡಲೆಂದೇ ನಾನು ಕೆರೆಗೆ ಹೋಗುವುದು. ಹತ್ತು ವರ್ಷದ ಮಗುವಿಗೆ ಚುಕ್ಕಾಣಿ ಹಿಡಿದು ತಿದ್ದಿಕೊಳ್ಳಲು ಸಮಯ ಸಿಗುವುದೂ ಆ ವೇಗದಲ್ಲೇ. ಕೆರೆಯ ನೀರುಕೋಳಿಗಳೂ ಬದುಕಬೇಕು.

ಮೋಟಾರ್ ಯಾವುದೆಂದು ಕೇಳಿದಿರಿ: ಬ್ರಷ್ ಇರುವ, 540 ಗಾತ್ರದ್ದು ಒಂದು. ಎಮರ್ಜೆನ್ಸಿ ಲೈಟ್‌ಗೆ ಹಾಕುವ 6 ವೋಲ್ಟ್, 4.5 ಆಂಪಿಯರ್-ಅವರ್ ಬ್ಯಾಟರಿ ಸಾಕು. ಅದು ಸುಮಾರು 700 ಗ್ರಾಂ ತೂಗುತ್ತದೆ, ತಳಕ್ಕೆ ಬೇಕಾದ ಭಾರವೂ ಅದರಿಂದಲೇ ಸಿಗುತ್ತದೆ. ಲಿಥಿಯಂ ಬ್ಯಾಟರಿ ಮೊದಲ ಹಡಗಿಗೆ ಬೇಡ. ರಿಮೋಟ್ 2.4 ಗಿಗಾಹರ್ಟ್ಸ್‌ನದಿರಲಿ. ನೀರು ಆ ತರಂಗಗಳನ್ನು ನುಂಗಿಬಿಡುವುದರಿಂದ ರಿಸೀವರ್‌ನ ಆಂಟೆನಾ ನೀರಿನ ಗೆರೆಯ ಮೇಲಿರಬೇಕು, ಮತ್ತು ಸಂಕೇತ ತಪ್ಪಿದರೆ ಮೋಟಾರ್ ನಿಲ್ಲುವಂತೆ ಫೇಲ್‌ಸೇಫ್ ಹೊಂದಿಸಿರಬೇಕು. ಸಿದ್ಧ ದೋಣಿಯೋ, ಕಿಟ್ ತರಿಸುವುದೋ ಎಂದೂ ಕೇಳಿದ್ದೀರಿ. ಮಗಳ ಜತೆ ಕೂತು ಮಾಡುವ ಮನಸ್ಸಿದ್ದರೆ ಎರಡೂ ಬೇಡ, ಪ್ಲೈವುಡ್ ತನ್ನಿ.

ಕೆರೆ ಹುಡುಕುವ ಕೆಲಸವನ್ನು ಇಂದೇ ಶುರುಮಾಡಿ. ಅಂತರಗಂಗೆ ಹಬ್ಬಿದ ಕೆರೆಯಲ್ಲಿ ಪ್ರೊಪೆಲ್ಲರ್ ಒಂದು ಸುತ್ತೂ ತಿರುಗದು. ನಗರದೊಳಗಿನ ಬೇಲಿ ಹಾಕಿದ ಕೆರೆಯಾದರೆ ಅನುಮತಿ ಕೇಳಿ. ಗಾಳಿ ಏಳುವ ಮೊದಲಿನ ಬೆಳಗ್ಗೆಯೇ ಒಳ್ಳೆಯ ಹೊತ್ತು. ಕಡಲಿಗೆ ಇಳಿಸಲೇಬೇಡಿ, ಉಪ್ಪುನೀರು ಬೇಗನೆ ಬೇರಿಂಗ್ ತಿನ್ನುತ್ತದೆ.

ಒಡಲು ಮುಗಿದ ಮೇಲೆ, ಡೆಕ್ ಅಂಟಿಸುವ ಮೊದಲು, ಕೊಳವೆಯ ಬಾಯಿ ಗೆರೆಗಿಂತ ಎಷ್ಟು ಮಿಲಿಮೀಟರ್ ಮೇಲಿದೆ ಎಂದು ಅಳೆದು ನನಗೆ ಬರೆಯಿರಿ. ಆಗ ಪ್ರೊಪೆಲ್ಲರ್‌ನ ಗಾತ್ರದ ಬಗ್ಗೆ ಮಾತಾಡೋಣ.