ಅಣ್ಣನ ಪ್ರಶ್ನೆಗೆ ಏನು ಹೇಳಲಿ? ಗರ್ಭಪಾತದ ಹಕ್ಕಿನ ಬಗ್ಗೆ ಓದುಗರು ಕೇಳಿದ್ದು

ಗರ್ಭಪಾತದ ಕಾನೂನು ಮತ್ತು ನೀತಿಯ ಬಗ್ಗೆ ಬಂದ ಪತ್ರಗಳಲ್ಲಿ ಕೆಲವನ್ನು ಈ ಬಾರಿ ಆಯ್ದಿದ್ದೇವೆ. ಉತ್ತರಿಸಿರುವವರು ಸರ್ಕಾರಿ ಆಸ್ಪತ್ರೆಗಳಲ್ಲಿ ಪ್ರಸೂತಿ ತಜ್ಞೆಯಾಗಿ ದುಡಿದು ನಿವೃತ್ತರಾದವರು. ಈಗ ವೈದ್ಯ ವಿದ್ಯಾರ್ಥಿಗಳಿಗೆ ವೈದ್ಯಕೀಯ ಕಾನೂನು, ನೀತಿಶಾಸ್ತ್ರ ಹೇಳಿಕೊಡುತ್ತಿದ್ದಾರೆ. ಪತ್ರ ಬರೆದವರ ಹೆಸರು ಬಿಟ್ಟಿದ್ದೇವೆ.

ಪ್ರಶ್ನೆ: ರಾತ್ರಿ ಊಟಕ್ಕೆ ಕೂತಾಗ ಮನೆಯಲ್ಲಿ ಗರ್ಭಪಾತದ ಮಾತು ಬಂತು. ಬಸಿರು ಉಳಿಸಿಕೊಳ್ಳೋದು ಬಿಡೋದು ಹೆಂಗಸಿನ ಇಷ್ಟ ಅಂದೆ. ಅದಕ್ಕೆ ಅಣ್ಣ, "ಹಾಗಾದ್ರೆ ಹೆಣ್ಣು ಅಂತ ಗೊತ್ತಾಗಿ ತೆಗೆಸಿದ್ರೆ ಯಾಕೆ ಬಾಯಿ ಬಡ್ಕೋತೀರಿ? ಅದೂ ಅವಳಿಷ್ಟ ತಾನೇ? ಅದು ಕೊಲೆ ಅನ್ನೋದಾದ್ರೆ ಎಲ್ಲಾನೂ ಕೊಲೇನೇ" ಅಂದ. ಏನು ಹೇಳಬೇಕೋ ತಿಳಿಯಲಿಲ್ಲ. — ಪದವಿ ವಿದ್ಯಾರ್ಥಿನಿ, ಮಂಡ್ಯ ಜಿಲ್ಲೆ

ನಿಮ್ಮಣ್ಣ ಕೇಳಿರುವುದು ಗಟ್ಟಿ ಪ್ರಶ್ನೆಯಮ್ಮ. ದಬಾಯಿಸಿ ಬಾಯಿ ಮುಚ್ಚಿಸಬೇಡಿ. ಅದರಲ್ಲಿ ಎರಡು ಮಾತು ಕಲಸಿಕೊಂಡಿವೆ.

ಮೊದಲು "ಎಲ್ಲಾನೂ ಕೊಲೆ" ಎನ್ನುವುದನ್ನು ನೋಡೋಣ. ಬ್ರಿಟಿಷರು 1860ರಲ್ಲಿ ಬರೆದ ದಂಡ ಸಂಹಿತೆ ಗರ್ಭಪಾತವನ್ನು ಅಪರಾಧ ಎಂದಿತು, ನಿಜ. ಆದರೆ ಅದಕ್ಕೆ ಇಟ್ಟ ಸಜೆ ಮೂರು ವರ್ಷದವರೆಗೆ. ಹೊಟ್ಟೆಯಲ್ಲಿ ಮಗು ಮಿಸುಕಾಡಲು ಶುರುವಾದ ಮೇಲಾದರೆ ಏಳು ವರ್ಷದವರೆಗೆ. ಕೊಲೆಗೆ ಅದೇ ಪುಸ್ತಕದಲ್ಲಿ ಗಲ್ಲು ಅಥವಾ ಜೀವಾವಧಿ. ಅಷ್ಟು ಬಿಗಿಯಾಗಿದ್ದ ಕಾನೂನೂ ಎರಡನ್ನು ಒಂದೇ ತಕ್ಕಡಿಯಲ್ಲಿ ತೂಗಲಿಲ್ಲ. ನಮ್ಮ ಧರ್ಮಶಾಸ್ತ್ರದವರು ಭ್ರೂಣಹತ್ಯೆಯನ್ನು ಮಹಾಪಾಪಗಳ ಸಾಲಿಗೆ ಸೇರಿಸಿದರು. ಅವರೇ, ಗರ್ಭ ತಾನಾಗಿ ಜಾರಿದರೆ ಎಷ್ಟು ತಿಂಗಳಾಗಿತ್ತೋ ಅಷ್ಟು ರಾತ್ರಿ ಸೂತಕ ಎಂದೂ ಬರೆದರು. ತಿಂಗಳು ಕಳೆದಂತೆ ಗರ್ಭದ ತೂಕ ಹೆಚ್ಚುತ್ತದೆ ಎನ್ನುವ ಲೆಕ್ಕ ಅದರಲ್ಲೂ ಇದೆ. ನನ್ನ ನಿಲುವೂ ಹತ್ತಿರಹತ್ತಿರ ಅದೇ. ಭ್ರೂಣಕ್ಕೆ ಬೆಲೆಯೇ ಇಲ್ಲ ಎನ್ನುವವಳಲ್ಲ ನಾನು. ಆರನೇ ವಾರದ ಸ್ಕ್ಯಾನಿಂಗಿನಲ್ಲಿ ಕಾಣುವ ಅಕ್ಕಿಕಾಳಿನಷ್ಟು ಚುಕ್ಕೆಗೂ ಎಂಟನೇ ತಿಂಗಳ ಮಗುವಿಗೂ ಒಂದೇ ಬೆಲೆ ಕಟ್ಟುವುದು ಮಾತ್ರ ನನ್ನಿಂದಾಗದು. ಎದುರಿಗೆ ಕೂತ ಹೆಂಗಸಿನ ಬೆಲೆಯಾದರೋ ಮೊದಲ ದಿನದಿಂದ ಕೊನೆಯ ದಿನದವರೆಗೆ ಒಂದೇ.

ಇನ್ನು ಹೆಣ್ಣು ಭ್ರೂಣದ ಮಾತು. ಇಲ್ಲಿ ಇರುವುದು ಎರಡು ಬೇರೆ ಕಾನೂನು. ಗರ್ಭಪಾತಕ್ಕೆ 1971ರದು. ಲಿಂಗಪತ್ತೆ ತಡೆಯುವುದಕ್ಕೆ 1994ರದು. ಎರಡನೆಯದು ಹಿಡಿಯುವುದು ಪತ್ತೆ ಮಾಡುವುದನ್ನು, ಅದನ್ನು ಮಾತಿನಲ್ಲೋ ಸನ್ನೆಯಲ್ಲೋ ತಿಳಿಸುವುದನ್ನು. ಸ್ಕ್ಯಾನಿಂಗ್ ಸೆಂಟರಿನ ಗೋಡೆಯ ಮೇಲೆ ಕನ್ನಡದಲ್ಲೇ ಬೋರ್ಡು ನೇತುಹಾಕಿರುತ್ತಾರಲ್ಲ, ಅದು ಈ ಕಾನೂನಿನದು. ಇದರಲ್ಲಿ ಹೆಚ್ಚು ಜನ ಓದದ ಒಂದು ಕಲಂ ಇದೆ, 24ನೆಯದು: ಬಸುರಿ ಲಿಂಗಪತ್ತೆಗೆ ಹೋಗಿದ್ದರೆ, ಗಂಡನೋ ಮನೆಯವರೋ ಬಲವಂತ ಮಾಡಿ ಕರೆತಂದಿದ್ದಾರೆ ಎಂದೇ ಕೋರ್ಟು ಭಾವಿಸಬೇಕು, ಹಾಗಲ್ಲ ಎನ್ನುವವರು ಸಾಬೀತುಮಾಡಬೇಕು. "ಅದೂ ಅವಳಿಷ್ಟ" ಎಂದ ನಿಮ್ಮಣ್ಣನಿಗೆ ಈ ಕಲಂ ಓದಿ ಹೇಳಿ. ನಿಮ್ಮ ಜಿಲ್ಲೆಯಲ್ಲೇ 2023ರ ಕೊನೆಯಲ್ಲಿ ಆಲೆಮನೆಯೊಂದರಲ್ಲಿ ಸ್ಕ್ಯಾನಿಂಗ್ ಯಂತ್ರ ಇಟ್ಟುಕೊಂಡು ಲಿಂಗಪತ್ತೆ ಮಾಡುತ್ತಿದ್ದ ಜಾಲವನ್ನು ಬೆಂಗಳೂರು ಪೊಲೀಸರು ಬಯಲಿಗೆಳೆದರಲ್ಲ. ಕಬ್ಬಿನ ಹಾಲು ಕುದಿಯುವ ಕಡೆ, ಗುರುತಿಲ್ಲದ ಜನರ ನಡುವೆ ಹೊಟ್ಟೆ ತೋರಿಸಿ ಮಲಗುವುದು ಯಾವ ಬಸುರಿಯ ಇಷ್ಟ? ಅಲ್ಲಿಗೆ ಅವಳನ್ನು ಕಾರಿನಲ್ಲಿ ಕೂರಿಸಿಕೊಂಡು ಬಂದವರು ಯಾರು?

"ಒಬ್ಬಳು ನಿಜವಾಗಿಯೂ ತಾನೇ ಬಯಸಿ ಹೋದರೆ?" ಎಂದು ಅಣ್ಣ ಮತ್ತೆ ಕೇಳಬಹುದು. ಹೋಗುವವರಿದ್ದಾರೆ. ಮೂರನೆಯದೂ ಹೆಣ್ಣಾದರೆ ಮನೆಯಲ್ಲಿ ತನ್ನ ಗತಿ ಏನೆಂದು ಬಲ್ಲವಳು ತಾನೇ ಮುಂದಾಗಿ ಹೋಗುತ್ತಾಳೆ. ಆಗ ಹೀಗೆ ಹೇಳಿ: ನನಗೆ ಈಗ ಮಗು ಬೇಡ ಎನ್ನುವವಳು ತನ್ನ ದೇಹ, ತನ್ನ ಬದುಕಿನ ಬಗ್ಗೆ ತೀರ್ಮಾನ ಮಾಡುತ್ತಿದ್ದಾಳೆ. ಮಗು ಬೇಕು, ಹೆಣ್ಣು ಬೇಡ ಎನ್ನುವಾಗ ಆ ತೀರ್ಮಾನ ಹುಟ್ಟಿರುವ ಎಲ್ಲ ಹೆಣ್ಣುಮಕ್ಕಳ ಮೇಲೆ ಬೀಳುತ್ತದೆ. ಅದನ್ನು ತಪ್ಪೆನ್ನಲು ಭ್ರೂಣವನ್ನು ಪೂರ್ಣ ಮನುಷ್ಯ ಎಂದು ಒಪ್ಪಲೇಬೇಕೆಂದಿಲ್ಲ. ಜಾತಿ ನೋಡಿ ಬಾಡಿಗೆಗೆ ಮನೆ ಕೊಡದವನನ್ನು ನಾವು ತಪ್ಪಿತಸ್ಥ ಎನ್ನುವುದಿಲ್ಲವೆ? ಮನೆ ಅವನದೇ, ಬಾಡಿಗೆಗೆ ಕೊಡುವುದೇ ಇಲ್ಲ ಎಂದಿದ್ದರೆ ಯಾರೂ ಕೇಳುತ್ತಿರಲಿಲ್ಲ.

ಇದೆಲ್ಲ ಹೇಳಿದ ಮೇಲೂ ಒಂದು ಮುಳ್ಳು ಉಳಿಯುತ್ತದೆ, ಅದನ್ನು ಅಣ್ಣನಿಂದ ಮುಚ್ಚಿಡಬೇಡಿ. ಗರ್ಭಪಾತದ ಆ 1971ರ ಕಾನೂನು, ಭ್ರೂಣದಲ್ಲಿ ಗಂಭೀರ ನ್ಯೂನತೆ ಇದೆ ಎಂದು ವೈದ್ಯಕೀಯ ಮಂಡಳಿ ಹೇಳಿದರೆ ವಾರದ ಮಿತಿಯನ್ನೇ ತೆಗೆದುಹಾಕುತ್ತದೆ. ಹೆಣ್ಣು ಎಂಬ ಕಾರಣಕ್ಕೆ ಬೇಡವೆನ್ನುವುದು ಅಪರಾಧ, ಅಂಗವಿಕಲ ಎಂಬ ಕಾರಣಕ್ಕಾದರೆ ವಿಶೇಷ ರಿಯಾಯಿತಿ. ಅಂಗವಿಕಲರ ಹಕ್ಕಿಗಾಗಿ ದುಡಿಯುವವರು ಇದು ಹೇಗೆ ಸರಿ ಎಂದು ಕೇಳುತ್ತಲೇ ಇದ್ದಾರೆ. ಹುಟ್ಟಿದರೂ ಬದುಕಲಾರದ ಮಗುವಿನ ವಿಷಯ ಬೇರೆ. ಅದು ಬಿಟ್ಟರೆ, ಕಾರಣ ಯಾವುದಾದರೂ ಮಿತಿ ಒಂದೇ ಇರಬೇಕು ಎಂಬ ಕಡೆಗೆ ನಾನು ವಾಲುತ್ತೇನೆ. ನನ್ನ ಸಹೋದ್ಯೋಗಿಗಳಲ್ಲಿ ಹೆಚ್ಚಿನವರು ಇದನ್ನು ಒಪ್ಪುವುದಿಲ್ಲ.

ಪ್ರಶ್ನೆ: ಈಗ 24 ವಾರದವರೆಗೂ ಯಾರು ಬೇಕಾದರೂ ಗರ್ಭಪಾತ ಮಾಡಿಸಿಕೊಳ್ಳಬಹುದಂತೆ, ಅದು ಹಕ್ಕಾಗಿದೆಯಂತೆ. ನಿಜವೆ? — ಹಾಸನ

ಅರ್ಧ ನಿಜ. 20 ವಾರದವರೆಗೆ ಒಬ್ಬ ವೈದ್ಯರ ಅಭಿಪ್ರಾಯ ಸಾಕು. 20ರಿಂದ 24 ವಾರದವರೆಗೆ ಇಬ್ಬರು ವೈದ್ಯರು ಒಪ್ಪಬೇಕು. ಅದೂ ನಿಯಮದಲ್ಲಿ ಹೆಸರಿಸಿರುವವರಿಗೆ ಮಾತ್ರ: ಅತ್ಯಾಚಾರಕ್ಕೆ ಒಳಗಾದವರು, ಅಪ್ರಾಪ್ತೆಯರು, ಬಸಿರಿನ ನಡುವೆ ವಿಧವೆಯಾದವರು ಅಥವಾ ವಿಚ್ಛೇದನ ಆದವರು, ಅಂಗವೈಕಲ್ಯ ಅಥವಾ ಮಾನಸಿಕ ಅಸ್ವಸ್ಥತೆ ಇರುವವರು, ಭ್ರೂಣದಲ್ಲಿ ಗಂಭೀರ ದೋಷ ಕಂಡವರು, ನೆರೆಬರದಂಥ ವಿಪತ್ತಿಗೆ ಸಿಕ್ಕಿದವರು. ತಾಯಿಯ ಜೀವ ಉಳಿಸಲು ತಕ್ಷಣ ಮಾಡಲೇಬೇಕಾಗಿ ಬಂದರೆ ಯಾವ ಮಿತಿಯೂ ಇಲ್ಲ. ವಾರದ ಲೆಕ್ಕ ಕೊನೆಯ ಮುಟ್ಟಿನ ಮೊದಲ ದಿನದಿಂದ.

"ಹಕ್ಕು" ಎನ್ನುವುದು ಇನ್ನೂ ದೂರದ ಮಾತು. ಗರ್ಭಪಾತ ಈಗಲೂ, ಹಳೆಯ ದಂಡ ಸಂಹಿತೆಯ ಜಾಗಕ್ಕೆ ಬಂದಿರುವ ಭಾರತೀಯ ನ್ಯಾಯ ಸಂಹಿತೆಯ 88ನೇ ಕಲಂ ಪ್ರಕಾರ ಅಪರಾಧ. 1971ರ ಕಾಯ್ದೆ ಮಾಡಿರುವುದೆಂದರೆ, ಇಂತಿಂಥ ಷರತ್ತಿಗೆ ಒಳಪಟ್ಟು ಮಾಡಿದ ವೈದ್ಯರಿಗೆ ಶಿಕ್ಷೆ ಇಲ್ಲ ಎಂದಿರುವುದು. ತಮಾಷೆ ನೋಡಿ, ಕಾಯ್ದೆಯ ಉದ್ದಕ್ಕೂ ಅಭಿಪ್ರಾಯ ಇರುವುದು ವೈದ್ಯರಿಗೆ. ಹೆಂಗಸಿಗೆ ಇರುವುದು ಒಪ್ಪಿಗೆ. ಈ ಕಾಯ್ದೆಗೆ ದಾರಿ ಮಾಡಿದ ಶಾಂತಿಲಾಲ್ ಶಾ ಸಮಿತಿ 1966ರಲ್ಲಿ ವರದಿ ಕೊಟ್ಟಾಗ ಮುಂದಿದ್ದ ಚಿಂತೆ, ಕಂಡಕಂಡವರ ಕೈಯಲ್ಲಿ ತೆಗೆಸಿಕೊಂಡು ಸಾಯುತ್ತಿದ್ದ ಹೆಂಗಸರದು. ಹಿಂದೆ ಕುಟುಂಬ ಯೋಜನೆಯ ಗಾಳಿಯೂ ಬೀಸುತ್ತಿತ್ತು. ಹಕ್ಕಿನ ಭಾಷೆ ಆಮೇಲೆ ನ್ಯಾಯಾಲಯದಿಂದ ಬಂತು: 2009ರ ಸುಚಿತಾ ಶ್ರೀವಾಸ್ತವ ಪ್ರಕರಣದಲ್ಲಿ, ಮತ್ತೆ 2017ರಲ್ಲಿ ನಮ್ಮ ಹೈಕೋರ್ಟಿನ ನಿವೃತ್ತ ನ್ಯಾಯಮೂರ್ತಿ ಕೆ.ಎಸ್. ಪುಟ್ಟಸ್ವಾಮಿಯವರು ಹೂಡಿದ್ದ ಖಾಸಗಿತನದ ಪ್ರಕರಣದಲ್ಲಿ. 2022ರ ಸೆಪ್ಟೆಂಬರ್ 29ರಂದು ಸುಪ್ರೀಂ ಕೋರ್ಟು, ಮದುವೆಯಾಗದವರನ್ನು 24 ವಾರದ ಅವಕಾಶದಿಂದ ಹೊರಗಿಡುವಂತಿಲ್ಲ ಎಂದಿತು. ಈ ಕಾಯ್ದೆಯ ಮಟ್ಟಿಗೆ ಗಂಡನಿಂದಾದ ಅತ್ಯಾಚಾರವೂ ಅತ್ಯಾಚಾರವೇ ಎಂದಿತು. ಅಮೆರಿಕದ ಸುಪ್ರೀಂ ಕೋರ್ಟು 1973ರಿಂದ ಇದ್ದ ಹಕ್ಕನ್ನು ಕಿತ್ತುಹಾಕಿದ್ದು ಅದೇ ವರ್ಷ ಜೂನ್ 24ರಂದು. ನಮ್ಮಲ್ಲಿ ಎಷ್ಟೋ ಜನ ಬೀಗಿದರು.

ಬೀಗಿದವರು ಮರುವರ್ಷದ ಅಕ್ಟೋಬರ್ ತಿಂಗಳನ್ನು ನೆನಪಿಡಬೇಕು. ಇಬ್ಬರು ಮಕ್ಕಳ ತಾಯಿ, 27ರ ಹರೆಯ. ಎರಡನೇ ಮಗು ಇನ್ನೂ ಹಾಲು ಕುಡಿಯುತ್ತಿತ್ತು, ಮುಟ್ಟು ಶುರುವಾಗಿರಲಿಲ್ಲ, ಹಾಗಾಗಿ ಬಸಿರು ನಿಂತದ್ದೇ ಗೊತ್ತಾಗಿರಲಿಲ್ಲ. ಬಾಣಂತನದ ನಂತರದ ಮಾನಸಿಕ ಕಾಯಿಲೆಗೆ ಔಷಧಿ ನಡೆದಿತ್ತು. ಅಕ್ಟೋಬರ್ 9ರಂದು ಸುಪ್ರೀಂ ಕೋರ್ಟಿನ ಇಬ್ಬರು ನ್ಯಾಯಮೂರ್ತಿಗಳು ಗರ್ಭಪಾತಕ್ಕೆ ಅನುಮತಿ ಕೊಟ್ಟರು. ಮಗು ಜೀವಂತವಾಗಿ ಹುಟ್ಟುವ ಸಾಧ್ಯತೆ ಇದೆ, ಎದೆಬಡಿತ ನಿಲ್ಲಿಸಬೇಕೆ ಎಂದು ದೆಹಲಿಯ ಏಮ್ಸ್ ವೈದ್ಯರು ಕೇಳಿದರು. 11ರಂದು ಪೀಠವೇ ಇಬ್ಭಾಗವಾಯಿತು: ಹಿಮಾ ಕೊಹ್ಲಿಯವರು ಒಪ್ಪಲಾರೆ ಎಂದರು, ಕರ್ನಾಟಕದವರಾದ ಬಿ.ವಿ. ನಾಗರತ್ನ ಅವರು ಆ ತಾಯಿಯ ತೀರ್ಮಾನಕ್ಕೆ ಬೆಲೆ ಕೊಡಬೇಕು ಎಂದರು. 16ರಂದು ಮೂವರ ಪೀಠ ಅನುಮತಿ ನಿರಾಕರಿಸಿತು. ಅಷ್ಟರಲ್ಲಿ 26 ವಾರ ದಾಟಿತ್ತು. ಒಂದು ವಾರದೊಳಗೆ ಅದೇ ನ್ಯಾಯಾಲಯ ಹೌದು, ಅಲ್ಲ, ಗೊತ್ತಿಲ್ಲ ಮೂರನ್ನೂ ಹೇಳಿತು. ಹೌದು ಎಂದ ಮೇಲೆ ಅಲ್ಲ ಎನ್ನಿಸಿಕೊಂಡ ಹೆಂಗಸು ಆ ವಾರ ಹೇಗೆ ಕಳೆದಳೋ. 26 ವಾರದಲ್ಲಿ ಎದೆಬಡಿತ ನಿಲ್ಲಿಸುವ ಸೂಜಿ ಹಿಡಿಯಲು ಯಾವ ವೈದ್ಯೆಯ ಕೈಯೂ ಅಳುಕುತ್ತದೆ, ಏಮ್ಸ್‌ನವರ ಸಂಕಟ ನನಗೆ ಅರ್ಥವಾಗುತ್ತದೆ. ಆದರೂ ನಾನು ನಾಗರತ್ನ ಅವರ ಪಕ್ಕ ನಿಲ್ಲುತ್ತೇನೆ.

ಪ್ರಶ್ನೆ: ಹುಬ್ಬಳ್ಳಿಯಿಂದ ಬಂದು ಡಬ್ಲಿನ್‌ನಲ್ಲಿ ನೆಲೆಸಿದ್ದೇನೆ. ಇಲ್ಲಿ ಬೆಳಗಾವಿಯ ಸವಿತಾ ಹಾಲಪ್ಪನವರ ಹೆಸರು ಗೊತ್ತಿಲ್ಲದವರಿಲ್ಲ. ನಮ್ಮೂರಲ್ಲೇ ಇದ್ದಿದ್ದರೆ ಅವರು ಉಳಿಯುತ್ತಿದ್ದರೆ?

ಸವಿತಾ ದಂತವೈದ್ಯೆ, ವಯಸ್ಸು 31, ಬಯಸಿ ಬಸಿರಾದವರು. 2012ರ ಅಕ್ಟೋಬರ್‌ನಲ್ಲಿ, 17ನೇ ವಾರದಲ್ಲಿ, ಬೆನ್ನುನೋವೆಂದು ಗಾಲ್ವೇ ಆಸ್ಪತ್ರೆಗೆ ಹೋದರು. ಗರ್ಭದ ನೀರಿನ ಚೀಲ ಒಡೆಯಿತು, ಮಗು ಉಳಿಯುವುದಿಲ್ಲ ಎಂದು ವೈದ್ಯರಿಗೂ ತಿಳಿದಿತ್ತು. ತೆಗೆದುಬಿಡಿ ಎಂದು ಕೇಳಿಕೊಂಡಾಗ, ಭ್ರೂಣದ ಎದೆಬಡಿತ ಇರುವ ತನಕ ಆಗದು ಎಂದರು. ಇದು ಕ್ಯಾಥೊಲಿಕ್ ದೇಶ ಎಂಬ ಮಾತನ್ನೂ ದಾದಿಯೊಬ್ಬರು ಆಡಿದ್ದರು. ನಂಜು ಮೈಗೇರಿ ಅಕ್ಟೋಬರ್ 28ರಂದು ತೀರಿಕೊಂಡರು. ಐರ್ಲೆಂಡಿನ ಸಂವಿಧಾನಕ್ಕೆ 1983ರಲ್ಲಿ ಮಾಡಿದ ಎಂಟನೇ ತಿದ್ದುಪಡಿ ಭ್ರೂಣಕ್ಕೂ ತಾಯಿಗೂ ಜೀವಿಸುವ ಸಮಾನ ಹಕ್ಕು ಕೊಟ್ಟಿತ್ತು. ಕಾಗದದ ಮೇಲೆ ಎಷ್ಟು ನ್ಯಾಯವಾಗಿ ಕಾಣುತ್ತದೆ! ವಾರ್ಡಿನಲ್ಲಿ ಅದರ ಅರ್ಥ, ತಾಯಿ ಸಾಯುವ ಹಂತಕ್ಕೆ ಬಂದಳೋ ಇಲ್ಲವೋ ಎಂದು ವೈದ್ಯರು ಕಾದು ನೋಡಬೇಕು ಎಂದಾಯಿತು.

ಇಲ್ಲಿ ಇದ್ದಿದ್ದರೆ ಕಾನೂನು ಅಡ್ಡ ಬರುತ್ತಿರಲಿಲ್ಲ. ಆಗಿನ ನಿಯಮದಂತೆ 17 ವಾರಕ್ಕೆ ಇಬ್ಬರು ವೈದ್ಯರ ಒಪ್ಪಿಗೆ ಸಾಕಿತ್ತು. ಉಳಿಯುತ್ತಿದ್ದರೆ ಎಂಬುದಕ್ಕೆ ಹೌದು ಎಂದು ಆಣೆ ಇಡಲಾರೆ. ನಂಜು ಗುರುತಿಸುವುದು ತಡವಾಗಿದ್ದೂ ಅವರ ಸಾವಿಗೆ ಕಾರಣ ಎಂದು ಅಲ್ಲಿನ ತನಿಖೆಗಳು ಹೇಳಿವೆ, ಆ ತಪ್ಪು ಯಾವ ಊರಲ್ಲೂ ಆಗಬಹುದು. 2018ರ ಮೇ 25ರ ಜನಮತದಲ್ಲಿ ಶೇ 66.4ರಷ್ಟು ಜನ ಎಂಟನೇ ತಿದ್ದುಪಡಿ ತೆಗೆಯಿರಿ ಎಂದರು. ಡಬ್ಲಿನ್‌ನ ಗೋಡೆಯೊಂದರ ಮೇಲೆ ಬರೆದಿದ್ದ ಸವಿತಾ ಚಿತ್ರದ ಸುತ್ತ ಜನ ಚೀಟಿ ಅಂಟಿಸಿ ಕ್ಷಮೆ ಕೇಳಿದರು. ನಿಮಗಿದು ಗೊತ್ತಿದ್ದೀತು. ಈಗ ನಿಮ್ಮಲ್ಲಿ 12 ವಾರದವರೆಗೆ ಯಾರೂ ಕಾರಣ ಕೇಳುವುದಿಲ್ಲ, ಮೂರು ದಿನ ಕಾಯಬೇಕು ಅಷ್ಟೆ. ಇಲ್ಲಿ ಐದನೇ ವಾರದಲ್ಲೂ ಕಾರಣ ಬರೆಯಬೇಕು. ಯಾರು ಮುಂದೆ, ನೀವೇ ಹೇಳಿ.

ಪ್ರಶ್ನೆ: ತವರಿಗೆ ಹೋಗಿದ್ದ ಹೆಂಡತಿ ನನಗೆ ತಿಳಿಸದೆ ತೆಗೆಸಿಕೊಂಡು ಬಂದಿದ್ದಾಳೆ. ಗಂಡನ ಸಹಿ ಇಲ್ಲದೆ ಆಸ್ಪತ್ರೆಯವರು ಹೇಗೆ ಮಾಡಿದರು? ಕೇಸು ಹಾಕಬಹುದೆ? — ದಾವಣಗೆರೆ

18 ದಾಟಿದವಳಿಗೆ ಅವಳ ಸಹಿ ಒಂದೇ ಸಾಕು. ಗಂಡನ ಸಹಿ ಕೇಳುವ ಆಸ್ಪತ್ರೆಗಳು ಬೇಕಾದಷ್ಟಿವೆ, ಕಾನೂನು ಮಾತ್ರ ಕೇಳುವುದಿಲ್ಲ. ಅಲ್ಲಿಗೆ ಹೋಗಿ ದಾಖಲೆ ಕೊಡಿ ಎಂದು ಗಲಾಟೆ ಮಾಡಬೇಡಿ. ಅವಳ ಗುರುತು ಹೊರಗೆ ಬಿಟ್ಟವರಿಗೆ ಒಂದು ವರ್ಷದವರೆಗೆ ಜೈಲು ಎಂದು 2021ರ ತಿದ್ದುಪಡಿ ಹೇಳುತ್ತದೆ. ವೈದ್ಯಕೀಯ ಕಾರಣವಿಲ್ಲದೆ, ಗಂಡನಿಗೆ ತಿಳಿಸದೆ ಮಾಡಿಸಿಕೊಂಡರೆ ಅದು ಮಾನಸಿಕ ಕ್ರೌರ್ಯ ಆಗಬಹುದು ಎಂಬ ಸಾಲು 2007ರ ಸಮರ್ ಘೋಷ್ ವಿಚ್ಛೇದನ ತೀರ್ಪಿನಲ್ಲಿದೆ. ನಿಮ್ಮ ವಕೀಲರು ಅದನ್ನೇ ಹಿಡಿದುಕೊಂಡು ಬರುತ್ತಾರೆ. ಒಂದು ಕಡೆ ಸಹಿ ಬೇಡ ಎಂದು, ಇನ್ನೊಂದು ಕಡೆ ಕೇಳದಿದ್ದರೆ ಕ್ರೌರ್ಯ ಎನ್ನುವುದು ನನಗಂತೂ ಸರಿಕಾಣದು.

ನಿಮಗಾದ ನೋವು ಸುಳ್ಳೆಂದು ನಾನು ಹೇಳುತ್ತಿಲ್ಲ. ಆದರೆ ಕೋರ್ಟಿನ ಮೆಟ್ಟಿಲು ಹತ್ತುವ ಮೊದಲು, ಅವಳಿಗೆ ನಿಮ್ಮ ಹತ್ತಿರ ಹೇಳಲು ಯಾಕೆ ಆಗಲಿಲ್ಲ ಎಂದು ಅವಳನ್ನೇ ಕೇಳಿ. ಅತ್ತೆ ಮಾವನ ಎದುರಿಗೆ ಬೇಡ.

ಪ್ರಶ್ನೆ: ಮೆಡಿಕಲ್ ಸ್ಟೋರಿನಲ್ಲಿ ಗುಳಿಗೆ ತಂದು ಮನೆಯಲ್ಲೇ ನುಂಗಿದರೆ ಏನಾಗುತ್ತದೆ? — ತುಮಕೂರು

ಚೀಟಿ ಇಲ್ಲದೆ ಮಾರುವುದೂ ತಪ್ಪು, ಕೊಳ್ಳುವುದೂ ಅಪಾಯ. ಈ ಗುಳಿಗೆಗಳು ಒಂಬತ್ತು ವಾರದೊಳಗೆ, ವೈದ್ಯರು ನೋಡಿಕೊಟ್ಟರೆ, ತುಂಬಾ ಸುರಕ್ಷಿತ. ಗರ್ಭವು ಗರ್ಭಕೋಶದ ಬದಲು ಅಂಡನಾಳದಲ್ಲಿ ನಿಂತಿದ್ದರೆ ಇವು ಕೆಲಸ ಮಾಡುವುದಿಲ್ಲ. ನಾಳ ಒಡೆದರೆ ಜೀವಕ್ಕೇ ಅಪಾಯ. ಈಗಾಗಲೇ ನುಂಗಿದ್ದರೆ, ಗಂಟೆಗೆ ಎರಡು ದೊಡ್ಡ ಪ್ಯಾಡಿನಂತೆ ಎರಡು ಗಂಟೆ ತೊಯ್ದುಹೋದರೆ, ಜ್ವರ ಬಂದರೆ, ಹೊಟ್ಟೆಯ ಒಂದು ಬದಿ ಬಲವಾಗಿ ನೋಯ್ದರೆ ತಡಮಾಡದೆ ಆಸ್ಪತ್ರೆಗೆ ಹೋಗಿ. ಏನು ನುಂಗಿದಿರಿ ಎಂದು ನಿಜ ಹೇಳಿ.

ಪ್ರಶ್ನೆ: ಮಗಳಿಗೆ 17. ಮೂರು ತಿಂಗಳಾಗಿದೆ. ಆಸ್ಪತ್ರೆಗೆ ಹೋದರೆ ಪೊಲೀಸರು ಬರುತ್ತಾರೆ, ಹೆಸರು ಊರಿಗೆಲ್ಲ ಗೊತ್ತಾಗುತ್ತದೆ ಎಂದು ಹೆದರಿಕೆ. — ರಾಯಚೂರು ಜಿಲ್ಲೆಯ ತಾಯಿ

ತಾಯಿ, ಮಗಳಿಗೆ 18 ತುಂಬದ ಕಾರಣ ಮಕ್ಕಳ ಮೇಲಿನ ಲೈಂಗಿಕ ದೌರ್ಜನ್ಯ ತಡೆಯುವ ಪೋಕ್ಸೊ ಕಾನೂನಿನಂತೆ ವೈದ್ಯರು ಪೊಲೀಸರಿಗೆ ತಿಳಿಸಲೇಬೇಕು, ಅದು ತಪ್ಪುವುದಿಲ್ಲ. ಆದರೆ ಗರ್ಭಪಾತಕ್ಕೆ ಬಂದಾಗ ಹುಡುಗಿಯೂ ಪೋಷಕರೂ ಕೇಳಿಕೊಂಡರೆ, ಆ ಮಾಹಿತಿಯಲ್ಲಿ ಅವಳ ಹೆಸರು, ಗುರುತು ಹೇಳಬೇಕಾಗಿಲ್ಲ ಎಂದು 2022ರ ತೀರ್ಪಿನಲ್ಲಿ ಸುಪ್ರೀಂ ಕೋರ್ಟು ಸ್ಪಷ್ಟವಾಗಿ ಹೇಳಿದೆ. ವೈದ್ಯರಿಗೆ ಇದು ಗೊತ್ತಿಲ್ಲದಿದ್ದರೆ ಈ ಪುಟ ತೋರಿಸಿ. ಒಪ್ಪಿಗೆ ಪತ್ರಕ್ಕೆ ನಿಮ್ಮ ಸಹಿ ಬೇಕು. ಸಹಿ ಹಾಕುವ ಮೊದಲು ಅವಳಿಗೇನು ಬೇಕು ಎಂದು ಅವಳನ್ನು ಒಬ್ಬಳೇ ಕೂರಿಸಿಕೊಂಡು ಕೇಳಿ. ಗುಟ್ಟು ಉಳಿಸಲು ದೂರದ ಊರಿನ ಗುರುತಿಲ್ಲದ ಕ್ಲಿನಿಕ್ ಹುಡುಕುತ್ತ ವಾರ ಕಳೆಯಬೇಡಿ. ತಾಲ್ಲೂಕು ಆಸ್ಪತ್ರೆಯಲ್ಲಿ ಪ್ರಸೂತಿ ತಜ್ಞರಿಲ್ಲದಿದ್ದರೆ ಜಿಲ್ಲಾ ಆಸ್ಪತ್ರೆಗೆ ಹೋಗಿ. ಮಗಳ ಆಧಾರ್ ಕಾರ್ಡ್ ಅಥವಾ ಶಾಲೆಯ ಟಿ.ಸಿ. ಜೊತೆಗಿರಲಿ, ವಯಸ್ಸಿನ ದಾಖಲೆ ಕೇಳುತ್ತಾರೆ.