ಕೃತ್ತಿಕಾ ಮಳೆಯಲ್ಲಿ ಕೃತ್ತಿಕೆ ಕಾಣೋದಿಲ್ಲ

ಮುಂಡರಗಿಯ ಗೆಳೆಯರಿಗೆ ನಮಸ್ಕಾರ.

ನಾಲ್ಕು ಮಕ್ಕಳೂ ಬೆಂಗಳೂರು ಸೇರಿದ ಮೇಲೆ ಮಾಳಿಗೆಯ ಮೇಲೆ ಮಲಗುವ ಅಜ್ಜಿಯ ಬಗ್ಗೆ ನೀವು ಬರೆದು ಕಳಿಸಿದ ಕಥೆ ಓದಿದೆ. ಅಜ್ಜಿಯ ಮಾತು ಚೆನ್ನಾಗಿದೆ, ಎರಿ ಹೊಲವೂ ಕಣ್ಣಿಗೆ ಕಟ್ಟುತ್ತದೆ. ಇನ್ನು ನನ್ನ ಸಿಟ್ಟಿನ ವಿಷಯ.

‘ಅದು ಕೃತ್ತಿಕಾ ಮಳೆಯ ಕಾಲ. ನಡುರಾತ್ರಿ ಕೃತ್ತಿಕೆ ನೆತ್ತಿಯ ಮೇಲೆ ಹೊಳೆಯುತ್ತಿತ್ತು.’

ಹೊಳೆಯುತ್ತಿರಲಿಲ್ಲ. ಮೇ 11ರ ಸುಮಾರಿಗೆ ಶುರುವಾಗಿ ಎರಡು ವಾರ ಇರುವ ಆ ಮಳೆಗೆ ಹೆಸರು ಬಂದದ್ದೇ ಸೂರ್ಯ ಆಗ ಕೃತ್ತಿಕೆಯಲ್ಲಿ ಇರ್ತಾನೆ ಅಂತ. ಸೂರ್ಯನ ಜೊತೆ ಹುಟ್ಟಿ ಸೂರ್ಯನ ಜೊತೆಗೇ ಮುಳುಗುವ ಚುಕ್ಕಿಗುಂಪು ನಡುರಾತ್ರಿ ನೆತ್ತಿಗೆ ಹೇಗೆ ಬರುತ್ತದೆ? ಭರಣಿ, ಕೃತ್ತಿಕಾ, ರೋಹಿಣಿ ಅಂತ ಮಳೆ ಎಣಿಸಿ ಬಾಳಿದವಳು ಅಂತ ನೀವೇ ಬರೆದಿದ್ದೀರಿ. ಅಂಥ ಅಜ್ಜಿ ಇದರಲ್ಲಿ ತಪ್ಪುತ್ತಾಳಾ?

ಕಥೆಯನ್ನು ಡಿಸೆಂಬರ್-ಜನವರಿಯಲ್ಲಿ ಬರುವ ಎಳ್ಳ ಅಮಾವಾಸ್ಯೆಗೆ ಒಯ್ಯಿರಿ. ಹೊಲಕ್ಕೆ ನೈವೇದ್ಯದ ಚರಗ ಚೆಲ್ಲಿ ಬಂದ ರಾತ್ರಿ, ಚಂದ್ರನ ಕಾಟವಿಲ್ಲ. ಒಂಬತ್ತರ ಸುಮಾರಿಗೆ ಕೃತ್ತಿಕೆ ನೆತ್ತಿಗಿಂತ ತುಸು ಉತ್ತರಕ್ಕೆ ಇರುತ್ತದೆ, ಅದರ ಪೂರ್ವಕ್ಕೆ ಕೆಂಪು ರೋಹಿಣಿ.

‘ಅಜ್ಜಿಯ ಹಾಗೆ ಅದೊಂದು ಒಂಟಿ ಚುಕ್ಕಿ.’

ಇಲ್ಲಿ ಪೆನ್ನು ಕೆಳಗಿಟ್ಟು ಚಹಾ ಕುಡಿದು ಬಂದೆ. ಕೃತ್ತಿಕೆಯಲ್ಲಿ ಬರಿಗಣ್ಣಿಗೇ ಆರು ಚುಕ್ಕಿ ಕಾಣುತ್ತವೆ, ಕಣ್ಣು ಚುರುಕಿದ್ದರೆ ಏಳು. ಒಟ್ಟು ಸಾವಿರಕ್ಕೂ ಜಾಸ್ತಿ. ಸುಮಾರು 440 ಜ್ಯೋತಿರ್ವರ್ಷ ದೂರದಲ್ಲಿ, 10 ಕೋಟಿ ವರ್ಷದಷ್ಟು ಹಿಂದೆ ಒಂದೇ ಮೋಡದಿಂದ ಹುಟ್ಟಿದ ಅಕ್ಕತಂಗಿಯರು ಅವು. ಇಂಥ ಗುಂಪು ಕೊನೆತನಕ ಕೂಡಿ ಉಳಿಯೋದಿಲ್ಲ, ನಿಧಾನಕ್ಕೆ ಚೆದುರಿ ಹೋಗುತ್ತದೆ. ಮಕ್ಕಳು ಚೆದುರಿದ ಮನೆಯ ಕಥೆ ಬರೆಯುವವರು ಇದನ್ನು ಕೈಬಿಟ್ಟು ಸುಮ್ನೆ ‘ಒಂಟಿ’ ಅಂದುಬಿಟ್ಟರೆ ಹೊಟ್ಟೆ ಉರಿಯೋದಿಲ್ವಾ?

ನಾನೇನು ಹುಟ್ಟುತ್ತಲೇ ಕಲಿತವನಲ್ಲ. ಹುಬ್ಬಳ್ಳಿಯ ಒಂದು ಪತ್ರಿಕೆಯಲ್ಲಿ ಕರಡು ತಿದ್ದುತ್ತಿದ್ದಾಗ ಕಥೆಯೊಂದನ್ನು ಬರೆದು ಹಿರಿಯರ ಮೇಜಿನ ಮೇಲಿಟ್ಟಿದ್ದೆ. ಅದರಲ್ಲಿ ಬಿದಿಗೆ ಚಂದ್ರ ಸಂಜೆ ಪೂರ್ವದಲ್ಲಿ ಮೂಡಿದ್ದ. ‘ಪೂರ್ವ’ಕ್ಕೆ ಕೆಂಪು ಸುತ್ತು ಹಾಕಿ, ‘ತಮ್ಮಾ, ಬಿದಿಗಿ ಚಂದ್ರನ್ನ ಯಾವಾಗರೆ ನೋಡೀಯೇನು?’ ಅಂದರು. ನೋಡಿರಲಿಲ್ಲ. ಮುಂದಿನ ಬಿದಿಗೆಗೆ ಉಣಕಲ್ ಕೆರೆಯ ದಂಡೆಯಲ್ಲಿ ಹೋಗಿ ಕೂತೆ. ಪಡುವಣದಲ್ಲಿದ್ದ, ಕತ್ತರಿಸಿದ ಉಗುರಿನಷ್ಟು. ತಾಸೊಪ್ಪತ್ತಿನಲ್ಲಿ ಮುಳುಗಿಯೂ ಹೋದ.

ಕಥೆ ವಾಪಸ್ ಕಳಿಸಿದ್ದೇನೆ. ಎಳ್ಳ ಅಮಾವಾಸ್ಯೆ ಮುಗಿದ ಮೇಲೆ ತಿದ್ದಿ ಕಳಿಸಿ. ನಿಮಗೆ ಎಷ್ಟು ಚುಕ್ಕಿ ಕಂಡವು ಅಂತಲೂ ಬರೆಯಿರಿ. ನನಗೀಗ ಐದೇ ಕಾಣುತ್ತವೆ.